ಹಳೇ ಅಮೆರಿಕನ್ ಕಾರಿನ ಸೈಡ್ ಮಿರರ್ ಒರಿಜಿನಲ್ ಹೌದೋ ಅಲ್ವೋ? ಮೊದ್ಲು ಡೋರ್ ನೋಡಿ

ತೀರ್ಥಹಳ್ಳಿ, ಕೊಪ್ಪ, ಸಾಗರ ಕಡೆ ಹಳೇ ತೋಟದ ಮನೆಗಳ ಶೆಡ್ಡಲ್ಲಿ ಡಾಡ್ಜೋ ಪ್ಲಿಮತ್ತೋ ಷೆವರ್ಲೆಯೋ ಅಡಿಕೆ ಮೂಟೆ ಪಕ್ಕ ನಿಂತಿದ್ರೆ ಅದೇನು ಅಚ್ಚರಿ ಅಲ್ಲ, ಅಜ್ಜನ ಕಾಲಕ್ಕೆ ತಂದಿದ್ದು, ಆಮೇಲೆ ಯಾರೂ ಮುಟ್ಟಿರಲ್ಲ. ಈಗ ಮೊಮ್ಮಕ್ಕಳಿಗೆ ಆಸೆ ಹುಟ್ಟಿದೆ, ಎಂಜಿನ್ ಬಿಚ್ಚಿಸ್ತಾರೆ, ಬ್ರೇಕ್ ಮಾಡಿಸ್ತಾರೆ, ಸೀಟಿಗೆ ಹೊಸ ರೆಕ್ಸಿನ್ ಹಾಕಿಸ್ತಾರೆ, ಕೊನೆಗೆ ಸೈಡ್ ಮಿರರ್ ವಿಷಯ ಬಂದಾಗ ಮಾತ್ರ ಅಂಗಡಿಗೆ ಹೋಗಿ ಫಳಫಳ ಹೊಳಿಯೋದು ಒಂದು ತಂದು ಡೋರಿಗೆ ತೂತು ಹೊಡೆಸಿ ಕೂರಿಸ್ಬಿಡ್ತಾರೆ. ಮಾರಾಯ್ರೆ, ಆ ತೂತು ಮುಚ್ಚೋಕೆ ಮತ್ತೆ ಇಡೀ ಡೋರ್ ಪೇಂಟ್ ಮಾಡಿಸ್ಬೇಕು. ಅದಕ್ಕೇ ಡ್ರಿಲ್ ಮಷಿನ್ ಕೈಗೆ ತಗೊಳೋ ಮುಂಚೆ ಇದನ್ನೊಂದು ಓದಿ.

ಮೊದಲು ತಲೇಲಿ ಇಟ್ಕೋಬೇಕಾದ ವಿಷಯ ಏನಂದ್ರೆ, ನಿಮ್ಮ ಕಾರಿಗೆ ಒರಿಜಿನಲ್ ಆಗಿ ಸೈಡ್ ಮಿರರೇ ಇಲ್ದೇ ಇದ್ದಿರಬಹುದು. ನಲವತ್ತು ಐವತ್ತರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಒಳಗಡೆ ಒಂದು ಕನ್ನಡಿ ಇದ್ರೆ ಮುಗೀತು, ಹೊರಗಿಂದು ಬೇಕು ಅಂದ್ರೆ ಜಾಸ್ತಿ ದುಡ್ಡು ಕೊಟ್ಟು ಡೀಲರ್ ಹತ್ರ ಹಾಕಿಸ್ಕೋಬೇಕಿತ್ತು, ಅದೂ ಸಾಮಾನ್ಯವಾಗಿ ಡ್ರೈವರ್ ಕಡೆ ಒಂದೇ ಒಂದು. ಅರವತ್ತರ ದಶಕದ ಮಧ್ಯದಲ್ಲಿ ಕಂಪನಿಯವರೇ ಡ್ರೈವರ್ ಕಡೆ ಮಿರರ್ ಹಾಕಿ ಕೊಡೋಕೆ ಶುರು ಮಾಡಿದ್ರು, ಅಲ್ಲಿನ ಸರ್ಕಾರದ ರೂಲ್ ಬಂದು ಕಡ್ಡಾಯ ಆಗಿದ್ದು 1968ರ ಜನವರಿ 1ರಿಂದ. ಆಗ್ಲೂ ಇನ್ನೊಂದು ಕಡೆದು ಎಲ್ಲ ಕಾರಿಗೂ ಕಡ್ಡಾಯ ಅಲ್ಲ, ಒಳಗಿನ ಕನ್ನಡಿಲಿ ಹಿಂದೆ ಸರಿಯಾಗಿ ಕಾಣಲ್ಲ ಅಂದ್ರೆ ಮಾತ್ರ. ಹಾಗಾಗಿ 1950ರ ಕಾರಿಗೆ ಎರಡೂ ಡೋರಲ್ಲಿ ಜೋಡಿ ಮಿರರ್ ಕಂಡ್ರೆ ನಂಗಂತೂ ಅನುಮಾನ ಬರುತ್ತೆ, ಮದುವೆ ಮಂಟಪಕ್ಕೆ ಅಲಂಕಾರ ಮಾಡ್ದಂಗೆ ಯಾರೋ ಆಮೇಲೆ ಮಾಡಿರ್ತಾರೆ.

ಈಗ ಕೆಲಸಕ್ಕೆ ಬರೋಣ. ಕಾರಿನ ವರ್ಷ ಗಟ್ಟಿ ಮಾಡ್ಕೊಳ್ಳಿ. ಆರ್‌ಸಿ ಬುಕ್ಕಲ್ಲಿ ರಿಜಿಸ್ಟರ್ ಆದ ವರ್ಷ ಎದ್ದು ಕಾಣುತ್ತೆ, ಮಾಡೆಲ್ ವರ್ಷ ಬೇರೆ ಇರಬಹುದು, ಯಾಕಂದ್ರೆ ಅಮೆರಿಕದವರು ಮುಂದಿನ ವರ್ಷದ ಮಾಡೆಲ್ಲನ್ನ ಹಿಂದಿನ ವರ್ಷದ ಕೊನೇಲೇ ಬಿಡ್ತಿದ್ರು, ಅದು ಇಲ್ಲಿಗೆ ಬಂದು ಮಾರಾಟ ಆಗಿ ನಂಬರ್ ಬೀಳೋವಾಗ ಇನ್ನಷ್ಟು ತಡ. ಬಾಡಿ ಪ್ಲೇಟು, ಚಾಸಿ ನಂಬರ್ ನೋಡಿ. ಇನ್ನೊಂದು, ನಮ್ಮ ಕಡೆ ಇರೋ ಕಾರು ಸೀದಾ ಅಮೆರಿಕದಿಂದ ಹಡಗಲ್ಲಿ ಬಂದಿದ್ದೇ ಆಗ್ಬೇಕಿಲ್ಲ. ಜನರಲ್ ಮೋಟರ್ಸ್‌ನವರು 1928ರಿಂದ ಮುಂಬೈನ ಸೆವ್ರಿಯಲ್ಲಿ ಷೆವರ್ಲೆ ಜೋಡಿಸ್ತಿದ್ರು, 1954ರಲ್ಲಿ ಬಾಗಿಲು ಹಾಕ್ಕೊಂಡು ಹೋದ್ರು. ಕುರ್ಲಾದ ಪ್ರೀಮಿಯರ್‌ನವರು 1947ರಿಂದ ಡಾಡ್ಜ್, ಪ್ಲಿಮತ್, ಡಿಸೊಟೊ ಜೋಡಿಸಿದ್ರು. ಡಾಡ್ಜ್ ಕಿಂಗ್ಸ್‌ವೇ ಇದ್ದವರಿಗೆ ಒಂದು ಒಳ್ಳೇ ಸುದ್ದಿ, ಅದು ಪ್ಲಿಮತ್ ಬಾಡಿಗೇ ಡಾಡ್ಜ್ ಹೆಸರು ಅಂಟಿಸಿ ಹೊರದೇಶಕ್ಕೆ ಕಳಿಸ್ತಿದ್ದ ಕಾರು, ಹಾಗಾಗಿ ಮಿರರ್ ಹುಡುಕೋವಾಗ ಅದೇ ವರ್ಷದ ಪ್ಲಿಮತ್ ಅಂತ ಹುಡುಕಿ, ಸಿಗೋ ಚಾನ್ಸ್ ಜಾಸ್ತಿ.

ಇನ್ನು ಡೋರ್. ನನ್ನ ಪ್ರಕಾರ ಮಿರರ್‌ಗಿಂತ ಡೋರೇ ನಿಜ ಹೇಳೋದು. ಮಿರರ್ ಯಾವ ಗುಜರಿಯಿಂದ ಬೇಕಾದ್ರೂ ಬಂದಿರಬಹುದು, ಡೋರ್ ಹೆಚ್ಚಾಗಿ ಕಾರಿನ ಜೊತೆಗೇ ಇರುತ್ತೆ. ಹಳೇ ಬನಿಯನ್ ಬಟ್ಟೆಲಿ ಸಣ್ಣ ಮ್ಯಾಗ್ನೆಟ್ ಸುತ್ತಿ ಡೋರಿನ ಮೇಲಂಚಿಂದ ಹ್ಯಾಂಡಲ್ ತನಕ ನಿಧಾನಕ್ಕೆ ಎಳೀರಿ, ತಗಡು ಇರೋ ಕಡೆ ಗಟ್ಟಿ ಹಿಡಿಯುತ್ತೆ, ಪುಟ್ಟಿ ತುಂಬಿರೋ ಕಡೆ ಸಡಿಲ ಬಿಡುತ್ತೆ. ಅಂಥ ಜಾಗ ಸಿಕ್ತು ಅಂದ್ರೆ ಪೆನ್ಸಿಲ್ಲಲ್ಲಿ ಗುರುತು ಹಾಕಿ. ಆಮೇಲೆ ಒಳಗಿನ ಡೋರ್ ಪ್ಯಾಡ್ ಬಿಚ್ಚಿ, ಗ್ಲಾಸ್ ಪೂರ್ತಿ ಮೇಲಕ್ಕೆ ಏರಿಸಿ ಟಾರ್ಚ್ ಬಿಟ್ಟು ಹಿಂಬದಿಯಿಂದ ನೋಡಿ. ಹೊರಗಡೆ ಎಷ್ಟೇ ಚಂದ ಪೇಂಟ್ ಹೊಡ್ದಿರ್ಲಿ, ಒಳಗಿಂದ ನೋಡಿದ್ರೆ ಮುಚ್ಚಿದ ತೂತಿನ ಬಾಯಿ, ವೆಲ್ಡಿಂಗ್ ಚುಕ್ಕೆ, ಹೊರಗೆ ಬಂದ ಪುಟ್ಟಿ ಎಲ್ಲ ಹಂಗೇ ಕಾಣುತ್ತೆ, ಒಳಗಡೆ ಯಾರು ಫಿನಿಶಿಂಗ್ ಮಾಡ್ತಾರೆ ಹೇಳಿ.

ತೂತಿನ ಅಂಚನ್ನೂ ಗಮನಿಸಿ. ಪೇಂಟ್ ಆಗೋ ಮುಂಚೆ ಹೊಡೆದ ತೂತಾದ್ರೆ ಅಂಚಿನೊಳಗೂ ಮೂಲ ಬಣ್ಣ ಇಳಿದಿರುತ್ತೆ. ಪೇಂಟ್ ಆದ್ಮೇಲೆ ಹೊಡೆದಿದ್ರೆ ಬರೀ ತಗಡು, ಸುತ್ತ ತುಕ್ಕು, ಒಳಬದೀಲಿ ಮುಳ್ಳು ಎದ್ದಿರುತ್ತೆ. ಆದ್ರೆ ಬರೀ ತಗಡು ಕಂಡ ತಕ್ಷಣ ಡೂಪ್ಲಿಕೇಟ್ ಅಂತ ತೀರ್ಮಾನ ಮಾಡ್ಬೇಡಿ, ಯಾಕಂದ್ರೆ ಆ ಕಾಲದ ಡೀಲರ್‌ಗಳು ಕಾರು ಬಂದ್ಮೇಲೆ ಪೇಪರ್ ಅಚ್ಚು ಇಟ್ಕೊಂಡು ಕೈಯಲ್ಲೇ ತೂತು ಹೊಡೀತಿದ್ರು, ಅದೂ ಕಂಪನಿ ಆಕ್ಸೆಸರಿನೇ. ಇದೇ ಕಾರಣಕ್ಕೆ ಒಂದೇ ಮಾಡೆಲ್ ಎರಡು ಕಾರಲ್ಲಿ ಮಿರರ್ ಒಂದಿಂಚು ಆಕಡೆ ಈಕಡೆ ಇದ್ರೆ ಗಾಬರಿ ಬೀಳೋದೇನಿಲ್ಲ. ಎರಡು ತೂತಿನ ಮಧ್ಯದಿಂದ ಮಧ್ಯಕ್ಕೆ ವರ್ನಿಯರ್ ಇಟ್ಟು ಅಳೆದು ಬರ್ಕೊಳ್ಳಿ, ಸುತ್ತ ರಬ್ಬರ್ ಬೀಡಿಂಗ್ ಕೂತಿದ್ದ ಗುರುತಿದ್ರೆ ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಗೀಚ್ಕೊಳ್ಳಿ. ಬೇಸ್ ದುಂಡಗಿತ್ತೋ, ಮೊಟ್ಟೆ ಆಕಾರವೋ, ಉದ್ದಕೆ ನೀರಹನಿ ಥರ ಇತ್ತೋ ಅನ್ನೋದು ಆ ಗೀಟಲ್ಲೇ ಗೊತ್ತಾಗುತ್ತೆ.

ತೂತೇ ಇಲ್ಲ ಅಂದ್ರೆ? ಒಂದೋ ಮಿರರ್ ಇರ್ಲಿಲ್ಲ, ಇಲ್ಲಾ ಡೋರ್ ಅಂಚಿಗೆ ಕಚ್ಚಿಸೋ ಕ್ಲಾಂಪ್ ಮಿರರ್ ಇತ್ತು. ನಾಲ್ಕಿಂಚು ಆಸುಪಾಸಿನ ದುಂಡು ಕನ್ನಡಿ, ಸಣ್ಣ ಕಾಲು, ಕೆಳಗೆ ಡೋರಿನ ತಗಡು ಹಿಡಿಯೋ ಬಾಯಿ, ಒಳಬದೀಲಿ ಸಣ್ಣ ಗ್ರಬ್ ಸ್ಕ್ರೂ, ಅಂದ್ರೆ ತಲೆ ಇಲ್ಲದ ಸ್ಕ್ರೂ. ಡೋರ್ ತೆಗೆದು ಅಂಚನ್ನ ಬೆರಳಲ್ಲಿ ಸವರಿ, ಆ ಸ್ಕ್ರೂ ಒತ್ತಿದ ಸಣ್ಣ ಗುಳಿ ಸಿಕ್ರೆ ಅದೇ ಸಾಕ್ಷಿ. ಇನ್ನೂ ಹಿಂದಕ್ಕೆ ಹೋದ್ರೆ, ಇಪ್ಪತ್ತು ಮೂವತ್ತರ ದಶಕದಲ್ಲಿ ಸ್ಟೆಪ್ನಿ ಟೈರ್ ಮುಂದಿನ ಮಡ್‌ಗಾರ್ಡ್ ಮೇಲೆ ಕೂರ್ತಿದ್ದ ಕಾರುಗಳಲ್ಲಿ ಆ ಟೈರಿಗೇ ಬೆಲ್ಟ್ ಕಟ್ಟಿ ಅದರ ಮೇಲೆ ಕನ್ನಡಿ ಇಡ್ತಿದ್ರು, ಅಂಥ ಕಾರು ನಿಮ್ಮ ಹತ್ರ ಇದ್ರೆ ಡೋರಲ್ಲಿ ಹುಡುಕಿ ಪ್ರಯೋಜನ ಇಲ್ಲ.

ಇದೆಲ್ಲದಕ್ಕಿಂತ ಸುಲಭದ ದಾರಿ ಒಂದಿದೆ, ಮನೆಯ ಹಳೇ ಮದುವೆ ಆಲ್ಬಮ್. ದಿಬ್ಬಣದ ಕಾರಿನ ಫೋಟೋ ಇಲ್ಲದ ಮನೆ ನಮ್ಮ ಕಡೆ ಕಮ್ಮಿ. ಮದುಮಗ ಇಳಿಯೋವಾಗ ಡೋರ್ ತೆಗೆದಿರ್ತಾರೆ, ಹೂವಿನ ಹಾರ ಬಾನೆಟ್ ಮೇಲಿಂದ ಎಳೆದು ಎಷ್ಟೋ ಸಲ ಮಿರರ್ ಕಾಲಿಗೇ ಗಂಟು ಹಾಕಿರ್ತಾರೆ. ಕಪ್ಪು ಬಿಳುಪು ಆದ್ರೂ ಪರವಾಗಿಲ್ಲ, ಕನ್ನಡಿ ದುಂಡಗೋ ಚೌಕವೋ, ಕಾಲು ಎಷ್ಟು ಉದ್ದ, ಕ್ವಾರ್ಟರ್ ಗ್ಲಾಸಿಗಿಂತ (ಡೋರ್ ಕಿಟಕಿಯ ಮುಂದಿನ ಸಣ್ಣ ಮೂಲೆ ಗಾಜು) ಮುಂದೆಯೋ ಹಿಂದೆಯೋ ಎಲ್ಲ ಸಿಗುತ್ತೆ. ಫೋಟೋ ಹಿಂದೆ ಇಸವಿ ಬರೆದಿದ್ರಂತೂ ಹಬ್ಬ. ದೊಡ್ಡಮ್ಮಂದಿರನ್ನ ಕೇಳಿ, ಟ್ರಂಕಲ್ಲಿ ಇರುತ್ತೆ.

ಈಗ ಮಿರರ್ ಕೈಯಲ್ಲಿದೆ ಅಂತ ಇಟ್ಕೊಳ್ಳಿ. ತಿರುಗಿಸಿ ಬೇಸಿನ ಅಡಿ, ತಲೆಯ ಹಿಂಬದಿ ಓದಿ. ಷೆವರ್ಲೆ ಮತ್ತೆ ಜನರಲ್ ಮೋಟರ್ಸ್ ಕಾರುಗಳದ್ದಾದ್ರೆ ‘ಗೈಡ್’ ಅಂತ ಇರಬಹುದು, ಅದು ಅವರದ್ದೇ ಲೈಟು ಮಾಡೋ ವಿಭಾಗ, ಐವತ್ತರ ದಶಕದ ‘ಗೈಡ್ ವೈ-50’ ಅನ್ನೋದು ಸಂಗ್ರಾಹಕರಿಗೆ ಬಾಯಿಪಾಠ. ಫೋರ್ಡಿಂದಕ್ಕೆ ‘ಫೋಮೋಕೋ’, ಡಾಡ್ಜ್, ಪ್ಲಿಮತ್, ಡಿಸೊಟೊ ಸೇರಿರೋ ಕ್ರೈಸ್ಲರ್ ಬಳಗದ್ದಕ್ಕೆ ‘ಮೋಪಾರ್’. ‘ಯಾಂಕೀ’ ಅಂತಿದ್ರೆ ಅದು ಆ ಕಾಲದ್ದೇ ಹೊರಗಿನ ಕಂಪನಿ ಮಾಲು, ಕಾರ್ ಕಂಪನಿದಲ್ಲ, ಆದ್ರೂ ಹಳೇದು ಅನ್ನೋ ಮರ್ಯಾದೆ ಇದೆ, ನಾನಾದ್ರೆ ಅದನ್ನ ತೆಗೆಯಲ್ಲ. ಅರವತ್ತರ ದಶಕದ ಮಿರರಿನ ಗಾಜಲ್ಲಿ ಸಣ್ಣ ಅಕ್ಷರ ಇರುತ್ತೆ, ಓರೆಯಾಗಿ ಬೆಳಕು ಬಿಟ್ರೆ ಮಾತ್ರ ಕಾಣೋದು. ‘ಡಿಎಂಐ’ ಅಂದ್ರೆ ಮಿಷಿಗನ್ನಿನ ಡಾನೆಲಿ ಮಿರರ್ಸ್, ಪಕ್ಕದ ಅಂಕಿ ತಿಂಗಳು ಮತ್ತೆ ವರ್ಷ. ಆ ತಾರೀಕು ಕಾರು ತಯಾರಾದ ತಾರೀಕಿಗಿಂತ ಸ್ವಲ್ಪ ಮುಂಚೆ ಇರಬೇಕು, ಆಮೇಲಿಂದು ಆದ್ರೆ ಗಾಜೋ ಮಿರರೋ ಬದಲಾಗಿದೆ ಅಂತಲೇ.

ಡೂಪ್ಲಿಕೇಟ್ ಹಿಡಿಯೋಕೆ ಇನ್ನೆರಡು ಪರೀಕ್ಷೆ. ಸ್ಕ್ರೂಗೆ ಮಿಲಿಮೀಟರ್ ನಟ್ಟು ಸಲೀಸಾಗಿ ಏರ್ತು ಅಂದ್ರೆ ಅದು ಆ ಕಾಲದ ಅಮೆರಿಕನ್ ಮಾಲಲ್ಲ, ಅವರದ್ದು ಇಂಚಿನ ಥ್ರೆಡ್. ಗಾಜಿನ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಡಿ, ಮಧ್ಯೆ ಉಬ್ಬಿದ್ರೆ ಅನುಮಾನ ಪಡಿ. ಅವರ ಡ್ರೈವರ್ ಕಡೆ ಗಾಜು ಚಪ್ಪಟೆ. ‘ಕನ್ನಡಿಲಿ ಕಾಣೋದು ಇನ್ನೂ ಹತ್ತಿರ ಇದೆ’ ಅನ್ನೋ ಇಂಗ್ಲಿಷ್ ಎಚ್ಚರಿಕೆ ಉಬ್ಬು ಗಾಜಿನ ಜೊತೆ ಬಂದಿದ್ದು ಎಂಬತ್ತರ ದಶಕದಲ್ಲಿ, ಅದು ಬರೆದಿರೋ ಮಿರರನ್ನ 1952ರ ಪ್ಲಿಮತ್‌ಗೆ ಹಾಕಿ ಒರಿಜಿನಲ್ ಅಂತ ಹೇಳೋರಿಗೆ ಎಂತ ಹೇಳೋದು.

ಕೊಳ್ಳೋವಾಗ ಎಡ ಬಲದ ಲೆಕ್ಕ ತಪ್ಪಬಾರದು. ಅಮೆರಿಕದಲ್ಲಿ ಸಿಗೋ ಬಹುಪಾಲು ಎಡ ಡೋರಿಂದು, ನಮ್ಮ ಕಾರಲ್ಲಿ ಸ್ಟಿಯರಿಂಗ್ ಬಲಕ್ಕಿದೆ. ತೂತು ಹೊಡೆದು ಕೂರಿಸೋ ಬೇಸನ್ನ ಡೋರಿನ ಇಳಿಜಾರಿಗೆ ತಕ್ಕಂತೆ ಓರೆ ಮಾಡಿ ಎರಕ ಹೊಯ್ದಿರ್ತಾರೆ, ಎಡದ್ದನ್ನ ಬಲಕ್ಕೆ ಹಾಕಿದ್ರೆ ಬೇಸ್ ತಗಡಿಗೆ ಕೂರಲ್ಲ, ಒಂದು ಕಡೆ ಎದ್ದು ನಿಲ್ಲುತ್ತೆ. ಅಲ್ಲಿಯ ಬಲಗಡೆ ಮಿರರ್ ತಂದ್ರೂ ಅದನ್ನ ದೂರದ ಎಡ ಸೀಟಿಂದ ನೋಡೋಕೆ ಅಂತ ಮಾಡಿರೋದು. ಕೊಡೋರನ್ನ ಮುಂಚೆನೇ ಕೇಳಿ, ಬೇಸಿನ ಅಡಿ ಫೋಟೋ ಸ್ಕೇಲ್ ಇಟ್ಟು ಕಳಿಸಿ ಅನ್ನಿ. ಕ್ಲಾಂಪ್ ಮಿರರಿಗೆ ಈ ತಲೆಬಿಸಿ ಹೆಚ್ಚು ಕಡಿಮೆ ಇಲ್ಲ, ಹೆಚ್ಚಿಂದು ಎರಡೂ ಕಡೆ ಆಗುತ್ತೆ. ಯುದ್ಧಕಾಲದ ವಿಲ್ಲಿಸ್ ಜೀಪ್ ಇದ್ದವರು ಬೇರೆ ಲೆಕ್ಕ ಹಾಕಿ, ಅದು ಎಡ ಸ್ಟಿಯರಿಂಗ್ ಆಗಿಯೇ ಉಳಿದಿದ್ರೆ ಎಡಕ್ಕೇ ಒಂದು ದುಂಡು ಕನ್ನಡಿ, ಮುಂದಿನ ಗ್ಲಾಸ್ ಫ್ರೇಮಿನ ಬುಡದ ಹತ್ರ. ಫೋರ್ಡ್ ಮಾಡಿದ ಜೀಪಾದ್ರೆ ಬೋಲ್ಟುಗಳ ಮೇಲೆ ಸಣ್ಣ ‘ಎಫ್’ ಅಚ್ಚು ಹುಡುಕಿ.

ರಿಪೇರಿ ವಿಷಯ. ನಮ್ಮ ಮಳೇಲಿ ಕನ್ನಡಿ ಹಾಳಾಗೋದು ಅಂಚಿಂದ, ನೀರು ರಿಂಗ್ ಒಳಗೆ ನಿಂತು ಹಿಂದಿನ ಬೆಳ್ಳಿ ಲೇಪ ಕಪ್ಪಾಗ್ತಾ ಒಳಕ್ಕೆ ಹೋಗುತ್ತೆ. ಗಾಜಲ್ಲಿ ಕೋಡ್ ಇದ್ರೆ ಎಸೀಬೇಡಿ, ಪೇಪರಲ್ಲಿ ಸುತ್ತಿ ಇಡಿ, ಓಡಿಸೋಕೆ ಅದೇ ಅಳತೆಗೆ ಗಾಜಿನ ಅಂಗಡಿಲಿ ದುಂಡಗೆ ಕತ್ತರಿಸಿ ಹಾಕಿಸ್ಕೊಳ್ಳಿ, ಹಿಂದುಗಡೆಗೂ ಅಂಚಿಗೂ ವಾರ್ನಿಶ್ ಸವರಿಸಿ. ಕ್ರೋಮ್ ಮೇಲೆ ಗುಳ್ಳೆ ಎದ್ದಿದ್ರೆ ಮ್ಯಾಗ್ನೆಟ್ ಇಡಿ, ಹಿಡಿದ್ರೆ ಸ್ಟೀಲು, ಅದನ್ನ ನೀರಲ್ಲಿ ಅದ್ದಿದ ಅಲ್ಯುಮಿನಿಯಂ ಫಾಯಿಲಲ್ಲಿ ಉಜ್ಜಿದ್ರೆ ತುಕ್ಕು ಬಹುಪಾಲು ಹೋಗುತ್ತೆ. ಹಿಡೀದೇ ಇದ್ರೆ ಹಿತ್ತಾಳೆ ಇಲ್ಲಾ ಸತುವಿನ ಎರಕ. ಸತುವಿಗೆ ಗುಳ್ಳೆ ಬಂದಿದ್ರೆ ಒಳಗಿಂದಲೇ ಕೊರೆದಿರುತ್ತೆ, ಪ್ಲೇಟಿಂಗಿನವರು ಆಸಿಡಲ್ಲಿ ಅದ್ದಿದ್ರೆ ಇನ್ನೂ ತಿಂದುಬಿಡುತ್ತೆ, ಮೊದ್ಲು ತಾಮ್ರ ಹಾಕಿ ಗುಳಿ ತುಂಬಿ ಆಮೇಲೆ ನಿಕ್ಕಲ್, ಕ್ರೋಮ್ ಮಾಡೋ ತಾಳ್ಮೆ ಇರೋರ ಹತ್ರನೇ ಕೊಡಿ. ಬೇಸ್ ಅಡಿಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಗ್ಯಾಸ್ಕೆಟ್ ಮಾಡಿ, ಇಲ್ದಿದ್ರೆ ಒಂದೇ ಮಳೆಗಾಲಕ್ಕೆ ಡೋರೊಳಗೆ ನೀರು ಇಳಿಯುತ್ತೆ. ಆಗುಂಬೆ ಘಾಟಿ ಇಳಿಯೋವಾಗ ಕನ್ನಡಿ ತಲೆ ಬಗ್ಗಿಸಿ ನೆಲ ತೋರಿಸ್ತಿದ್ರೆ ಕಾಲಿನೊಳಗಿನ ಸ್ಪ್ರಿಂಗ್ ಸೋತಿದೆ, ಒಂದು ವಾಷರ್ ಹಾಕಿದ್ರೆ ಸಾಕು.

ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸೋರಿಗೆ ಒಂದು ಮಾತು. 2021ರ ಜುಲೈಯಲ್ಲಿ ಕೇಂದ್ರದವರು ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಗೆ ‘ವಿಎ’ ಸರಣಿ ನಂಬರ್ ಸಿಗುತ್ತೆ, ಹೊಸದಾಗಿ ಮಾಡಿಸೋಕೆ ಫೀಸು 20,000 ರೂಪಾಯಿ. ಆ ನಿಯಮ ನೋಡೋದು ಮುಖ್ಯವಾಗಿ ಚಾಸಿ, ಬಾಡಿ, ಎಂಜಿನ್ನು, ಮಿರರಿಗೋಸ್ಕರ ಯಾರೂ ತಿರಸ್ಕಾರ ಮಾಡಲ್ಲ ಅನ್ಸುತ್ತೆ. ಹಾಗಂತ ಮಿರರ್ ಇಲ್ದೇ ಶಿವಮೊಗ್ಗದ ಬಿ.ಎಚ್. ರೋಡಲ್ಲಿ ಓಡಿಸೋದು ಬೇಡ, ಪಕ್ಕದಲ್ಲಿ ಬೈಕಿನವರು ಹೇಗೆ ನುಗ್ತಾರೆ ಅಂತ ಗೊತ್ತಲ್ಲ. ತೂತಿಲ್ಲದ ಡೋರಿಗೆ ಕ್ಲಾಂಪ್ ಮಿರರ್ ಹಾಕಿ, ಬಾಯಿಗೆ ತೆಳ್ಳಗೆ ರಬ್ಬರ್ ಪಟ್ಟಿ ಇಟ್ಟು ಸ್ಕ್ರೂ ಬಿಗಿ ಮಾಡಿ, ಡೋರ್ ಹಾಕಿದಾಗ ಪಿಲ್ಲರಿಗೆ ತಾಗುತ್ತಾ ನೋಡ್ಕೊಳ್ಳಿ, ಶೋಗೆ ಹೋಗೋ ದಿನ ಬಿಚ್ಚಿ ಡಿಕ್ಕಿಲಿ ಇಟ್ಕೊಂಡ್ರಾಯ್ತು.