ಹುಬ್ಬಳ್ಳಿ–ಕುಲೇಂ ಹಳಿಯ ಕೆಳಗೆ ನಿಜವಾದ ನೆಲ: ನನ್ನ ಅನುಭವ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹಳಿಯ ಮೇಲೆ 20 ಕಿಲೋಮೀಟರಿನ ಆಚೀಚೆ. ಕಂಪ್ಯೂಟರಿನ ರೈಲು ಸಿಮ್ಯುಲೇಟರಿಗಾಗಿ ನಾನು ಕಟ್ಟುತ್ತಿರುವ, ಹುಬ್ಬಳ್ಳಿಯಿಂದ ಗೋವಾದ ಕುಲೇಂವರೆಗಿನ ರೂಟಿನಲ್ಲಿ ಅದು 22ರ ಹತ್ತಿರ ಹೋಗುತ್ತಿತ್ತು. ಆ ಹೆಚ್ಚುವರಿ ಎರಡು ಕಿಲೋಮೀಟರ್ ಎಲ್ಲಿಂದ ಬಂತು ಎಂದು ಹುಡುಕುವುದರಲ್ಲೇ ನನ್ನ ಒಂದು ವರ್ಷ ಹೋಯಿತು.

ಅದನ್ನು ಮೊದಲು ಹಿಡಿದವರು ನಮ್ಮ ಓಣಿಯ ಕಾಕಾ. ಅವರು ನಿವೃತ್ತ ಲೋಕೋ ಪೈಲಟ್, ಘಟ್ಟದಲ್ಲಿ ವರ್ಷಗಟ್ಟಲೆ ಗಾಡಿ ಇಳಿಸಿದವರು. ಕೇಶ್ವಾಪುರದ ನಮ್ಮ ಮನೆಗೆ ಸಂಜೆ ಚಹಾಕ್ಕೆ ಬಂದಾಗ ಓಪನ್ ರೈಲ್ಸ್ ಎಂಬ ಆ ಸಿಮ್ಯುಲೇಟರ್ ತೆರೆದು ಕೂಡಿಸಿದೆ. ಉಣಕಲ್, ಅಮರಗೋಳ ದಾಟಿ ನವಲೂರು ಬರುವಷ್ಟರಲ್ಲಿ ಕೈಗಡಿಯಾರ ನೋಡಿ, "ತಮ್ಮಾ, ಈ ವೇಗದಲ್ಲಿ ನವಲೂರಿಗೆ ಇಷ್ಟು ಹೊತ್ತು ಹಿಡಿಯುವುದಿಲ್ಲ. ನಿನ್ನ ಹಳಿ ಉದ್ದವಾಗಿದೆ" ಎಂದರು. ನಾನು ಒಪ್ಪಲಿಲ್ಲ. ನಕ್ಷೆಯ ಗೆರೆಯ ಮೇಲೆಯೇ ಹಳಿ ಹಾಕಿದ್ದೇನೆ, ಉದ್ದವಾಗುವುದು ಹೇಗೆ ಎಂದು ವಾದಿಸಿದೆ. ಆ ರಾತ್ರಿ ಅಳೆದು ನೋಡಿದರೆ ಅವರ ಮಾತೇ ಸರಿ.

ರೂಟ್ ಕಟ್ಟುವ ಗೆಳೆಯರು ನಾವು ನಾಲ್ಕೈದು ಜನ ಇದ್ದೇವೆ. ಉಪಗ್ರಹ, ಬಾಹ್ಯಾಕಾಶ ನೌಕೆ ಅಳೆದ, 30 ಮೀಟರಿಗೊಂದು ಬಿಂದುವಿನಂತೆ ನೆಲದ ಎತ್ತರ ಹೇಳುವ ದತ್ತಾಂಶದಿಂದ ಸಪಾಟು ಸೀಮೆಯನ್ನು ಕಟ್ಟಬಹುದು, ಘಟ್ಟವನ್ನಲ್ಲ, ಕ್ಯಾಸಲ್‌ರಾಕ್‌ನಿಂದ ಕೆಳಗೆ ಕೈಯಿಂದಲೇ ಗುಡ್ಡ ಎತ್ತಬೇಕು ಎನ್ನುವುದು ಎಲ್ಲರ ಅಭಿಪ್ರಾಯವಾಗಿತ್ತು. ಈಗ ಕ್ಯಾಸಲ್‌ರಾಕ್‌ವರೆಗೆ ಪೂರ್ತಿಯಾಗಿದೆ, ದೂಧಸಾಗರದವರೆಗೆ ಗಾಡಿ ಇಳಿಯುತ್ತಿದೆ. ಕೈಯಿಂದ ಗುಡ್ಡ ಎತ್ತಿದ್ದು ಎಲ್ಲಿಯೂ ಇಲ್ಲ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. 30 ಮೀಟರಿಗೆ ಬದಲು 5 ಮೀಟರಿನ ದತ್ತಾಂಶ ಕೊಂಡರೆ ಎಲ್ಲ ಬಗೆಹರಿಯುತ್ತದೆ ಎಂದು ನಾನೂ ನಂಬಿದ್ದೆ. ಅಧಿಕೃತವಾಗಿ ಕೇಳಿದಾಗ ಬಂದ ಬೆಲೆ ಲಕ್ಷದ ಮೇಲಿತ್ತು. ಆಮೇಲೆ ಒಬ್ಬರು ಘಟ್ಟದ ಭಾಗವನ್ನಷ್ಟೇ ಕಡಿಮೆಗೆ ಕೊಡುತ್ತೇನೆಂದರು. ಹದಿಮೂರೋ ಹದಿನಾಲ್ಕೋ ಸಾವಿರ ಕೊಟ್ಟೆ. ಬಂದ ಕಡತ ನೋಡಲು ಚೆನ್ನಾಗಿತ್ತು, ಎಲ್ಲೂ ಒರಟಿಲ್ಲ. ಅಷ್ಟು ನುಣುಪಾಗಿದ್ದದ್ದೇ ಸಂಶಯ ತಂದಿತು. ಉಚಿತವಾಗಿ ಸಿಗುವ 30 ಮೀಟರಿನ ಕಡತದ ಬಿಂದುಗಳನ್ನು ಅದರ ಮೇಲಿಟ್ಟು ಒಂದರಿಂದ ಇನ್ನೊಂದನ್ನು ಕಳೆದೆ. ಪ್ರತಿ ಬಿಂದುವಿನಲ್ಲೂ ವ್ಯತ್ಯಾಸ ಸೊನ್ನೆ. ಉಚಿತ ಕಡತವನ್ನೇ ಹಿಗ್ಗಿಸಿ ನಡುವಿನ ಜಾಗ ತುಂಬಿ ಕೊಟ್ಟಿದ್ದರು. ದುಡ್ಡು ವಾಪಸ್ ಬರಲಿಲ್ಲ. ಯಾರಾದರೂ ಕೊಳ್ಳುವುದಿದ್ದರೆ ಈ ಕಳೆಯುವ ಲೆಕ್ಕವನ್ನು ದುಡ್ಡು ಕೊಡುವ ಮೊದಲೇ ಮಾಡಿ. ಮಾದರಿಗೆಂದು ಎರಡು ಕಿಲೋಮೀಟರಿನ ತುಂಡು ಕೇಳಿದರೆ ಸಾಕು.

ಈಗ ಮೊದಲು ಹೇಳಿದ ಹೆಚ್ಚುವರಿ ಎರಡು ಕಿಲೋಮೀಟರಿನ ಮಾತು. ನಮ್ಮ ಸಿಮ್ಯುಲೇಟರ್ ಎಂಎಸ್‌ಟಿಎಸ್ (ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್) ಕಾಲದಿಂದ ಗೂಡ್ ಪ್ರಕ್ಷೇಪವನ್ನು, ಅಂದರೆ ಗುಂಡಗಿನ ಭೂಮಿಯನ್ನು ಹೋಳು ಮಾಡಿ ಸಪಾಟಾಗಿ ಹರಡುವ ನಕ್ಷೆಯ ವಿಧಾನವನ್ನು ಬಳಸುತ್ತದೆ. ನಾವಿರುವ ಹೋಳಿನ ನಡುಗೆರೆ 30 ಡಿಗ್ರಿ ಪೂರ್ವ. ಆ ಗೆರೆಯ ಮೇಲಿರುವ ನೆಲ ಸರಿಯಾದ ಆಕಾರದಲ್ಲಿರುತ್ತದೆ, ದೂರ ಹೋದಂತೆ ಓರೆಯಾಗುತ್ತದೆ. ನಾವು 75 ಡಿಗ್ರಿಯಲ್ಲಿದ್ದೇವೆ, ಅಂದರೆ 45 ಡಿಗ್ರಿ ದೂರ. ನಮ್ಮ ಅಕ್ಷಾಂಶಕ್ಕೆ ಲೆಕ್ಕ ಹಾಕಿದರೆ ಸುಮಾರು 12 ಡಿಗ್ರಿ ಓರೆ. ಚೌಕಾದ ಹೊಲ ವಾಲಿದ ಹೊಲವಾಗುತ್ತದೆ. ಪೂರ್ವ–ಪಶ್ಚಿಮ ಹಳಿಗೆ ಏನೂ ಆಗುವುದಿಲ್ಲ, ವಾಯವ್ಯಕ್ಕೆ ಹೋಗುವ ಹಳಿ ಹಿಗ್ಗುತ್ತದೆ, ಈಶಾನ್ಯಕ್ಕೆ ಹೋಗುವುದು ಕುಗ್ಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡ ವಾಯವ್ಯಕ್ಕೇ ಇದೆ. ಕಾಕಾ ಹೇಳಿದ ಹೆಚ್ಚಿನ ಹೊತ್ತು ಅಲ್ಲಿಂದ ಬಂದದ್ದು. ನೆಲ, ನಕ್ಷೆ, ಹಳಿ ಮೂರೂ ಒಟ್ಟಿಗೇ ಓರೆಯಾಗುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ.

ಇದಕ್ಕೆ ನಾನು ಮಾಡಿದ ಕೆಲಸ ಕೇಳಿ ಗೆಳೆಯರು ತಲೆ ಅಲ್ಲಾಡಿಸಿದರು. ನೆಲದ ಎತ್ತರಗಳಿರುವ ಎಚ್‌ಜಿಟಿ ಕಡತದೊಳಗೆ ಅದು ಎಲ್ಲಿಯ ನೆಲ ಎಂಬ ಮಾಹಿತಿ ಇರುವುದಿಲ್ಲ. 3601 ಸಾಲು, ಪ್ರತಿ ಸಾಲಿಗೆ 3601 ಅಂಕಿ, ಅಷ್ಟೇ. ಜಾಗವನ್ನು ಹೇಳುವುದು ಕಡತದ ಹೆಸರು ಮಾತ್ರ. ನಮಗೆ ಬೇಕಾದವು ಎರಡು: 'ಎನ್15ಇ075' (ಉತ್ತರ 15, ಪೂರ್ವ 75 ಡಿಗ್ರಿ) ಹುಬ್ಬಳ್ಳಿಯದು, 'ಎನ್15ಇ074' ಅಳ್ನಾವರ, ಲೋಂಡಾ, ಘಟ್ಟದ್ದು. ಇವುಗಳ ಹೆಸರನ್ನು 'ಎನ್15ಇ030', 'ಎನ್15ಇ029' ಎಂದು ಬದಲಿಸಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯಿಂದ ತೆಗೆದ ಹಳಿಯ ಗೆರೆಯ ರೇಖಾಂಶಗಳಿಂದಲೂ 45 ಕಳೆದೆ. ಅಕ್ಷಾಂಶ ಮುಟ್ಟಲಿಲ್ಲ. ಸಿಮ್ಯುಲೇಟರಿನ ಲೆಕ್ಕದಲ್ಲಿ ಹುಬ್ಬಳ್ಳಿ ಈಗ ಸುಡಾನಿನ ಮರಳುಗಾಡಿನ ಮೇಲಿದೆ, ಧಾರವಾಡ ಸರಿಯಾಗಿ ನಡುಗೆರೆಯ ಪಕ್ಕದಲ್ಲಿದೆ. ಹಳಿ ಅಳೆದರೆ 20ರ ಹತ್ತಿರ ಬಂದು ನಿಂತಿತು. "ಬೇರೆ ದೇಶದ ಮೇಲಿಟ್ಟರೆ ಏನೂ ತಾಳೆಯಾಗುವುದಿಲ್ಲ" ಎಂದಿದ್ದವರಿಗೆ ಕಿಲೋಮೀಟರ್ ಕಲ್ಲುಗಳನ್ನು ಒಂದೊಂದಾಗಿ ತೋರಿಸಿದೆ. ಅವರಲ್ಲಿ ಇಬ್ಬರು ಈಗ ತಮ್ಮ ರೂಟುಗಳನ್ನೂ ಹೀಗೆಯೇ ಸರಿಸಿಕೊಂಡಿದ್ದಾರೆ.

ದೂರ ಸರಿಯಾದ ಮೇಲೆ ಎತ್ತರ. ಫೋನಿನ ಜಿಪಿಎಸ್ ಹಿಡಿದುಕೊಂಡು ಧಾರವಾಡಕ್ಕೆ ಪ್ಯಾಸೆಂಜರ್ ಗಾಡಿಯಲ್ಲಿ ಹೋದೆ. ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರಮಟ್ಟದ ಎತ್ತರ ಇರುತ್ತದಲ್ಲ, ಫೋನ್ ತೋರಿಸಿದ್ದು ಅದಕ್ಕಿಂತ 80 ಮೀಟರಿನಷ್ಟು ಕಡಿಮೆ. ಫೋನ್ ಕೆಟ್ಟಿದೆ ಎಂದುಕೊಂಡು ಅಣ್ಣನ ಫೋನ್ ತಂದೆ. ಅದರದ್ದೂ ಅದೇ ಕಥೆ. ಜಿಪಿಎಸ್ ಅಳೆಯುವುದು ಭೂಮಿಗೆ ಲೆಕ್ಕದಲ್ಲಿ ಕೊಟ್ಟ ನುಣುಪಾದ ದೀರ್ಘಗೋಳದಿಂದ, ಫಲಕ ಹೇಳುವುದು ಸಮುದ್ರಮಟ್ಟದಿಂದ. ದಕ್ಷಿಣ ಭಾರತದಲ್ಲಿ ಇವೆರಡರ ನಡುವೆ ಇಷ್ಟು ದೊಡ್ಡ ಅಂತರವಿದೆ. ಇದು ತಿಳಿಯುವ ಮೊದಲು ನಾನು ಜಿಪಿಎಸ್ ಬಿಂದುಗಳನ್ನು ಸಮುದ್ರಮಟ್ಟದಿಂದ ಅಳೆದ ಎಸ್‌ಆರ್‌ಟಿಎಂ (ನೌಕೆಯ ದತ್ತಾಂಶದ) ನೆಲದ ಜೊತೆ ಬೆರೆಸಿಬಿಟ್ಟಿದ್ದೆ. ನವಲೂರಿನ ಹತ್ತಿರ ಗಾಡಿ ನೆಲದೊಳಗೆ ಇಳಿದು ಹೋಗುತ್ತಿತ್ತು.

ಜಿಪಿಎಸ್ ಬಿಟ್ಟು ಫೋನಿನ ವಾಯುಭಾರ ಮಾಪಕ ಹಿಡಿದೆ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಮಧ್ಯಾಹ್ನ ನಾಲ್ಕಕ್ಕೆ ಚಿಗರಿ ಬಸ್ಸಿನಲ್ಲಿ ವಾಪಸ್ ಬಂದರೆ ನಮ್ಮ ಮನೆಯೇ 25–30 ಮೀಟರ್ ಮೇಲೇರಿತ್ತು. ನಮ್ಮ ಸೀಮೆಯಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕಕ್ಕೆ ಕಡಿಮೆ. ಒಂದು ಮಿಲಿಬಾರ್ ಅಂದರೆ ಎಂಟೊಂಬತ್ತು ಮೀಟರ್. ಮುಂದಿನ ಸಲ ಹಳೆಯ ಫೋನೊಂದನ್ನು ಮನೆಯ ಮೇಜಿನ ಮೇಲೆ ದಾಖಲಿಸಲು ಬಿಟ್ಟು ಹೋದೆ. ವಾಪಸ್ ಬಂದು ಅದರ ಏರಿಳಿತವನ್ನು ಕಳೆದ ಮೇಲೆ ಎರಡು ನಿಲ್ದಾಣಗಳ ಅಂತರ ಫಲಕಕ್ಕೆ ಮೂರು ಮೀಟರಿನೊಳಗೆ ಬಂತು. ಅಗತ್ಯವಿತ್ತೋ ಇಲ್ಲವೋ, ಇಡೀ ರೂಟಿನಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಕೆಲಸ ಇದೇ.

ಗದಗ ಕಡೆಯ ಎರೆಭೂಮಿಯಲ್ಲಿ ಒಂದು ತುಂಡು ಪ್ರಯೋಗಕ್ಕೆಂದು ಕಟ್ಟಿದ್ದೆ. ಅಣ್ಣಿಗೇರಿಯ ಸುತ್ತ ನೆಲ ಮೆಟ್ಟಿಲು ಮೆಟ್ಟಿಲಾಗಿ ಬಂತು, ಮಲೆನಾಡಿನ ಗದ್ದೆಯ ಹಾಗೆ. ಕಾರಣ ಸರಳ: ಎಚ್‌ಜಿಟಿಯಲ್ಲಿ ಎತ್ತರ ಪೂರ್ಣ ಮೀಟರಿನಲ್ಲಿದೆ, ಸಪಾಟು ಹೊಲದಲ್ಲಿ ಒಂದು ಮೀಟರ್ ಇಳಿಯಲು ಬಹಳ ದೂರ ಬೇಕು. ಯುರೋಪಿನ ಕೋಪರ್ನಿಕಸ್ ಯೋಜನೆಯ 30 ಮೀಟರಿನ ಕಡತದಲ್ಲಿ ದಶಮಾಂಶ ಇದೆ. ಅದನ್ನು ಉಳಿಸಿಕೊಂಡು ಸಿಮ್ಯುಲೇಟರಿನ 256ಕ್ಕೆ 256 ಬಿಂದುಗಳ ಟೈಲ್ (ನೆಲದ ಚೌಕ) ಕಡತಕ್ಕೆ ನೇರವಾಗಿ ಬರೆಯುವ ಚಿಕ್ಕ ಪೈಥಾನ್ ಪ್ರೋಗ್ರಾಂ ಮಾಡಿದೆ. ಮೆಟ್ಟಿಲು ಹೋಯಿತು.

ಘಟ್ಟದಲ್ಲಿ ಸಮಸ್ಯೆಯೇ ಬೇರೆ. ಕ್ಯಾಸಲ್‌ರಾಕ್‌ನಿಂದ ಕುಲೇಂಗೆ 26 ಕಿಲೋಮೀಟರ್, 37ಕ್ಕೆ 1ರ ಇಳಿಜಾರು, 16 ಸುರಂಗ. 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಸುತ್ತಿ ಅಳೆದದ್ದು ರೇಡಾರ್‌ನಿಂದ. ರೇಡಾರ್ ಅಲ್ಲಿ ಕಂಡದ್ದು ಹೆಚ್ಚಿನಂಶ ಮರದ ತಲೆಯನ್ನು, ನೆಲವನ್ನಲ್ಲ. ಹುಬ್ಬಳ್ಳಿ ಯಾರ್ಡಿನಲ್ಲೂ ಹೀಗೇ, ವರ್ಕ್‌ಶಾಪಿನ ಚಾವಣಿಗಳು ದಿಬ್ಬವಾಗಿ ಬರುತ್ತವೆ. 1,507 ಮೀಟರಿನ ಪ್ಲಾಟ್‌ಫಾರ್ಮ್ ಮಟ್ಟಸ ಕೂಡಲು ಅವನ್ನು ತೆಗೆಯಲೇಬೇಕು. ಘಟ್ಟದಲ್ಲಿ ನೆಲದ ಮೇಲೆ ಹಳಿ ಹಾಸಿದರೆ 30 ಮೀಟರಿಗೊಮ್ಮೆ ಎರಡು ಮೂರು ಮೀಟರ್ ಜಿಗಿಯುತ್ತದೆ. ಹಿಂದೆ ಬ್ಯಾಂಕರ್ (ತಳ್ಳುವ ಎಂಜಿನ್) ಕಟ್ಟಿದ ಗಾಡಿಗೆ ಅದು ಸಾವು.

ಹಾಗಾಗಿ ನಾನು ತಿರುಗಿಸಿದೆ. ಹಳಿ ನೆಲವನ್ನು ಅನುಸರಿಸುವುದಲ್ಲ, ನೆಲ ಹಳಿಯನ್ನು ಅನುಸರಿಸಬೇಕು. ನಿಲ್ದಾಣದ ಫಲಕಗಳ ಎತ್ತರವನ್ನು ಗೂಟ ಹೊಡೆದಂತೆ ಹಿಡಿದು, ನಡುವೆ ಹಳಿಯ ಪಕ್ಕದ ಗ್ರೇಡಿಯಂಟ್ ಪೋಸ್ಟುಗಳು (ಇಳಿಜಾರು ಬರೆದ ಕಂಬಗಳು) ಹೇಳುವಂತೆ ಇಳಿಜಾರು ಕೊಟ್ಟು, ಮೊದಲು ಹಳಿಯನ್ನು ಗಾಳಿಯಲ್ಲಿ ಪೂರ್ತಿ ಹಾಕಿದೆ. ಆಮೇಲೆ ಪ್ರೋಗ್ರಾಂ ಹಳಿಯ ಅಕ್ಕಪಕ್ಕದ ನೆಲವನ್ನು ಮೇಲೆಳೆಯುತ್ತದೆ ಇಲ್ಲವೇ ಕೆಳಗಿಳಿಸುತ್ತದೆ. ಕಟಿಂಗ್, ಏರಿ ತಾವಾಗಿಯೇ ಬರುತ್ತವೆ. ಗ್ರೇಡಿಯಂಟ್ ಪೋಸ್ಟುಗಳಿಗಾಗಿ ವಾಸ್ಕೋ ಕಡೆಗೆ ಆರು ಸಲವೋ ಏಳು ಸಲವೋ ಕಿಟಕಿ ಪಕ್ಕ ಕೂತು ವಿಡಿಯೊ ಮಾಡಿದ್ದೇನೆ.

ಮೊದಲ ಸಲ ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ನೋಡಿದಾಗ ಎದೆ ಧಸಕ್ಕೆಂದಿತು. ದೂಧಸಾಗರದ ಸೇತುವೆಯ ಕೆಳಗೆ ಕಣಿವೆ ಇರಲಿಲ್ಲ. ಪ್ರೋಗ್ರಾಂ ಸೇತುವೆಯ ಹಳಿಗೂ ನೆಲವನ್ನು ಎತ್ತಿ ಕೊಟ್ಟು ಜಲಪಾತಕ್ಕೆ ಅಡ್ಡ ಅಣೆಕಟ್ಟು ಕಟ್ಟಿತ್ತು. ಸುರಂಗಗಳಲ್ಲಿ ಇದರ ವಿರುದ್ಧ: ಹಳಿಯ ಮೇಲಿನ ಗುಡ್ಡವನ್ನೆಲ್ಲ ಕಡಿದು, ಸುರಂಗಗಳ ಜಾಗದಲ್ಲಿ ಆಳವಾದ ಸೀಳುಗಳು. ಪ್ರತಿ ಸೇತುವೆ, ಪ್ರತಿ ಸುರಂಗದ ಆರಂಭ–ಕೊನೆ ಗುರುತಿಸಿ ಅಲ್ಲಿ ನೆಲ ಮುಟ್ಟಬಾರದೆಂದು ಹೇಳುವುದಕ್ಕೇ ಮೂರು ವಾರ ಹಿಡಿಯಿತು. ಸುರಂಗದ ಬಾಯಿ ಒಂದೊಂದನ್ನೂ ಕಾಕಾ ಪಕ್ಕದಲ್ಲಿ ಕೂತು ಹೇಳಿದರು.

ಮರದ ಎತ್ತರವನ್ನು ಘಟ್ಟದಿಂದ ಹೇಗೆ ಕಳೆದೆ, ಹಳಿಯಿಂದ ಎಷ್ಟು ದೂರದವರೆಗೆ ನೆಲವನ್ನು ಎಷ್ಟೆಷ್ಟು ಎಳೆಯುವುದು, ಈ ಎರಡನ್ನು ಇಲ್ಲಿ ಬರೆಯುವುದಿಲ್ಲ. ಮಳೆಗಾಲದ ಮೂರು ತಿಂಗಳು ನಿದ್ದೆಗೆಟ್ಟು ಕಂಡುಕೊಂಡದ್ದು. ರೂಟ್ ಮುಗಿಯುವವರೆಗೆ ನನ್ನ ಬಳಿಯೇ ಇರಲಿ. ಒಂದು ಸುಳಿವು ಕೊಡುತ್ತೇನೆ: ಎಲ್ಲ ಕಡೆ ಒಂದೇ ಅಂಕಿ ಕಳೆಯಬೇಡಿ, ಕಣಿವೆಯ ತಳಕ್ಕೂ ಗುಡ್ಡದ ನೆತ್ತಿಗೂ ಮರ ಒಂದೇ ಅಲ್ಲ.

ಒಟ್ಟು ಖರ್ಚು ನೆನಪಿನ ಮೇಲೆ ಹೇಳುವುದಾದರೆ ಅರವತ್ತು ಸಾವಿರದ ಒಳಗೆ: ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಹದಿನೆಂಟು, ಡಿಸ್ಕಿಗೆ ಆರು, ಕೈತಪ್ಪಿದ ಆ ಹದಿನಾಲ್ಕು, ಉಳಿದದ್ದು ಟಿಕೆಟ್ಟು, ವಿದ್ಯುತ್ತು. ನೆಲದ ದತ್ತಾಂಶಕ್ಕೆ ನಿಜವಾಗಿ ಬೇಕಾದದ್ದು ಸೊನ್ನೆ ರೂಪಾಯಿ.

ಕಳೆದ ವಾರ ಕಾಕಾ ಮತ್ತೆ ಕೂತರು. ಧಾರವಾಡದವರೆಗೆ ಏನೂ ಹೇಳಲಿಲ್ಲ. ಕ್ಯಾರಕೊಪ್ಪ ದಾಟಿದ ಮೇಲೆ, "ಮುಗದದ ಹತ್ತಿರ ಕೆರೆ ಕಾಣಬೇಕು, ನೀನು ಹಾಕಿಲ್ಲ" ಎಂದರು. ನೀರಿನ ಮೇಲೆ ರೇಡಾರ್ ಅಂಕಿಗಳು ಏರುಪೇರಾಗಿರುವುದರಿಂದ ಕೆರೆಗಳನ್ನು ನಾನೇ ಕೈಬಿಟ್ಟಿದ್ದೆ. ಈ ವಾರ ಮುಗದದ ಕೆರೆಯನ್ನೂ ಉಣಕಲ್ ಕೆರೆಯನ್ನೂ ಮಟ್ಟ ಮಾಡುತ್ತಿದ್ದೇನೆ. ದೂಧಸಾಗರದಿಂದ ಕೆಳಗೆ ಸೋನಾವಳಿ, ಕುಲೇಂವರೆಗಿನ ಹಳಿ ಗಾಳಿಯಲ್ಲಿ ಸಿದ್ಧವಾಗಿದೆ, ನೆಲ ಎಳೆಯುವುದು ಬಾಕಿ. ಗದಗ ಮಾರ್ಗದಲ್ಲಿ ಅಣ್ಣಿಗೇರಿಯ ಆಚೆಯ ಗ್ರೇಡಿಯಂಟ್ ಪೋಸ್ಟುಗಳ ವಿಡಿಯೊ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕಳುಹಿಸಿ. ನನ್ನ ವಿಡಿಯೊದಲ್ಲಿ ಆ ಭಾಗ ಮಂಜಿನಲ್ಲಿ ಹೋಗಿದೆ.