ಚಳಿಗಾಲದಲ್ಲಿ ವಿದೇಶದ ಹಳೆಯ ಗೆಳೆಯರ ಮನೆಗೆ: ದಂಪತಿಗಳಿಗೊಂದು ಕೈಪಿಡಿ

ಹಳೆಯ ಗೆಳೆಯರನ್ನು ಕಾಣಲೆಂದೇ ದಂಪತಿಗಳು ವಿದೇಶಕ್ಕೆ ಹೊರಡುವಾಗ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಆ ಗೆಳೆಯರ ಬಿಡುವು. ನೋಡಬೇಕಾದ ಸ್ಥಳಗಳ ಪಟ್ಟಿ ಆಮೇಲಿನ ಮಾತು. ಯಾವಾಗ ಬರಲಿ ಎಂದು ಕೇಳಿದರೆ ಯಾವಾಗ ಬೇಕಾದರೂ ಬನ್ನಿ ಎಂಬ ಉತ್ತರವೇ ಸಿಗುತ್ತದೆ, ಅದರಿಂದ ಯಾವುದೂ ಇತ್ಯರ್ಥವಾಗುವುದಿಲ್ಲ. ಆದ್ದರಿಂದ ಎರಡೋ ಮೂರೋ ವಾರಗಳನ್ನು ನೀವೇ ಸೂಚಿಸಿ, ಅವುಗಳಲ್ಲಿ ಕಚೇರಿಯ ಒತ್ತಡವಾಗಲಿ, ಮಕ್ಕಳ ಪರೀಕ್ಷೆಯಾಗಲಿ, ಬೇರೆ ನೆಂಟರಾಗಲಿ ಇಲ್ಲದ ವಾರ ಯಾವುದೆಂದು ಕೇಳಿಕೊಂಡು, ಆ ಬಳಿಕವೇ ಟಿಕೆಟ್ ಕಾಯ್ದಿರಿಸಬೇಕು. ಕ್ರಿಸ್‌ಮಸ್‌ಗೆ ಅವರೇ ಒತ್ತಾಯಿಸಿ ಕರೆದಿದ್ದರೆ ಹೋಗಬಹುದು. ಇಲ್ಲವಾದರೆ ಜನವರಿಯ ನಡುಭಾಗವೇ ಮೇಲು. ಜರ್ಮನಿಯಲ್ಲಿ ಡಿಸೆಂಬರ್ 25 ಮತ್ತು 26 ಎರಡೂ ಸಾರ್ವಜನಿಕ ರಜಾದಿನಗಳಾದ್ದರಿಂದ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಬ್ರಿಟನ್ನಿನಲ್ಲಿ 25ರಂದು ರೈಲು ಸಂಚಾರ ಹೆಚ್ಚುಕಡಿಮೆ ಪೂರ್ತಿ ನಿಂತಿರುತ್ತದೆ. ಇಂಥ ದಿನಗಳಲ್ಲಿ ಅತಿಥಿಗಳು ಪ್ರತಿಯೊಂದಕ್ಕೂ ಆತಿಥೇಯರನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.

ಗೆಳೆಯರ ಮನೆಯಲ್ಲೇ ಉಳಿಯುವುದಾದರೆ ವೀಸಾಕ್ಕೆ ಬೇಕಾದ ಕಾಗದಪತ್ರಗಳೂ ಬದಲಾಗುತ್ತವೆ. ಫ್ರಾನ್ಸ್‌ನಲ್ಲಿ ಇದಕ್ಕೆ ಆತಿಥೇಯರು ತಮ್ಮ ಊರಿನ ಪುರಸಭೆಯ ಕಚೇರಿಯಿಂದ ಅತಿಥಿ ಸ್ವೀಕಾರ ಪತ್ರ ಪಡೆದು ಕಳುಹಿಸಬೇಕಾಗುತ್ತದೆ; ಅವರಿಗೆ ಅದು ಓಡಾಟದ ಕೆಲಸವಾದ್ದರಿಂದ ತಿಂಗಳುಗಳ ಮುಂಚೆಯೇ ತಿಳಿಸುವುದು ಮರ್ಯಾದೆ. ಫ್ರಾನ್ಸ್, ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಸಾಮಾನ್ಯವಾಗಿ 15 ದಿನಗಳಾದರೂ ಉಳಿದಿರಬೇಕು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ನಿಧಾನವಾಗಿ ಹಲವು ದೇಶಗಳನ್ನು ಸುತ್ತುವವರು ಯಾವುದೇ 180 ದಿನಗಳಲ್ಲಿ 90 ದಿನ ಎಂಬ ಮಿತಿಯನ್ನು ಮರೆಯಬಾರದು. ಒಳಬಂದ ದಿನವೂ ಹೊರಟ ದಿನವೂ ಆ ಲೆಕ್ಕದಲ್ಲಿ ಸೇರುತ್ತವೆ.

ದಿನಚರಿಯನ್ನು ಹಗಲಿನ ಉದ್ದ ನೋಡಿ ಹೊಂದಿಸಬೇಕು. ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನ ಹಗಲು ಎಂಟು ಗಂಟೆಗಿಂತ ತುಸು ಕಡಿಮೆ. ಸ್ಟಾಕ್‌ಹೋಮಿನಲ್ಲಿ ಸುಮಾರು ಆರು ಗಂಟೆ ಮಾತ್ರ, ಅಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ನಾರ್ವೆಯ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯೋದಯವೇ ಇಲ್ಲ. ಹೀಗಾಗಿ ದಿನಕ್ಕೆ ಒಂದೇ ಹೊರಗಿನ ಕಾರ್ಯಕ್ರಮ ಸಾಕು, ಅದೂ ಬೆಳಿಗ್ಗೆ. ಉಳಿದದ್ದು ಮಾತಿಗೆ ಮೀಸಲು; ಬಂದಿರುವುದೇ ಅದಕ್ಕಲ್ಲವೇ?

ಎಷ್ಟು ದಿನ ಉಳಿಯಬೇಕು ಎಂಬುದರಲ್ಲಿ ದಾಕ್ಷಿಣ್ಯ ಬೇಡ. ಎಷ್ಟೇ ಆತ್ಮೀಯರಾದರೂ ಒಂದೇ ಮನೆಯಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ರಾತ್ರಿ ಉಳಿದು, ಬಳಿಕ ನಡೆದು ಹೋಗುವಷ್ಟು ದೂರದ ವಸತಿಗೃಹಕ್ಕೆ ಹೋಗಿ, ಸಂಜೆಗಳಲ್ಲಿ ಮತ್ತೆ ಸೇರುವುದು ಎರಡೂ ಕಡೆಯವರಿಗೆ ನೆಮ್ಮದಿ. ಚಳಿನಾಡಿನ ಮನೆಯಲ್ಲಿ ಗಮನಿಸಬೇಕಾದ ಸಣ್ಣ ಸಂಗತಿಯೊಂದಿದೆ: ಯುರೋಪಿನ ಅನೇಕ ಮನೆಗಳಲ್ಲಿ ಕೋಣೆಯ ರೇಡಿಯೇಟರ್‌ಗೆ 1ರಿಂದ 5ರವರೆಗೆ ಅಂಕೆಗಳಿರುವ ತಿರುಗುಗುಂಡಿ ಇರುತ್ತದೆ, ಅದರಲ್ಲಿ 3 ಎಂದರೆ ಸುಮಾರು 20 ಡಿಗ್ರಿ. ಬೇಗ ಬೆಚ್ಚಗಾಗಲೆಂದು 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ, ಅಷ್ಟೇ. ಆಮೇಲೆ ಸೆಕೆಯೆಂದು ಕಿಟಕಿ ತೆರೆದರೆ ಆತಿಥೇಯರು ಬಾಯಿ ಬಿಟ್ಟು ಏನೂ ಹೇಳಲಾರರು, ಬಿಲ್ಲು ಮಾತ್ರ ಏರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ವಿಷಯವೆಂದರೆ, ಹಳೆಯ ಗೆಳೆತನ ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರದು. ಕಾಲೇಜಿನ ದಿನಗಳ ಮಾತು ಆರಂಭವಾಯಿತೆಂದರೆ ಇನ್ನೊಬ್ಬರು ಗುರುತಿಲ್ಲದ ಹೆಸರುಗಳ ನಡುವೆ ಗಂಟೆಗಟ್ಟಲೆ ಮುಗುಳ್ನಗುತ್ತ ಕೂರಬೇಕಾಗುತ್ತದೆ. ಒಂದು ಇಡೀ ಮಧ್ಯಾಹ್ನವನ್ನು ಗೆಳೆಯರಿಬ್ಬರಿಗೇ ಬಿಟ್ಟುಕೊಟ್ಟು, ಸಂಗಾತಿ ಆ ಹೊತ್ತನ್ನು ವಸ್ತುಸಂಗ್ರಹಾಲಯದಲ್ಲೋ ಪುಸ್ತಕದಂಗಡಿಯಲ್ಲೋ ಒಬ್ಬರೇ ಕಳೆಯುವುದೆಂದು ಹೊರಡುವ ಮೊದಲೇ ಮಾತನಾಡಿಕೊಂಡರೆ, ಉಳಿದ ಸಂಜೆಗಳಲ್ಲಿ ಎಲ್ಲರೂ ಸೇರಿ ಹೊಸ ಮಾತಾಡಲು ಅವಕಾಶವಾಗುತ್ತದೆ. ದಣಿವಾದಾಗ ಪರಸ್ಪರ ತಿಳಿಸಲು ಇಬ್ಬರ ನಡುವೆ ಒಂದು ಸನ್ನೆಯನ್ನೂ ಗೊತ್ತುಮಾಡಿಕೊಳ್ಳಬಹುದು.

ಬಟ್ಟೆಯ ವಿಚಾರದಲ್ಲಿ ಒಂದೇ ದಪ್ಪ ಕೋಟಿಗಿಂತ ಮೂರು ಪದರಗಳು ಉತ್ತಮ: ಮೈಗೆ ತಾಗುವಂತೆ ತೆಳುವಾದ ಉಣ್ಣೆ, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿಮಳೆ ತಡೆಯುವ ಜಾಕೆಟ್. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ ಒಳಪದರಕ್ಕೆ ಒಗ್ಗದು.

ಪ್ರಯಾಣದಲ್ಲಿ ಔಷಧಿಗಳೂ ವೈದ್ಯರ ಚೀಟಿಯೂ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕನ್ನಂತೂ ಲಗೇಜಿಗೆ ಹಾಕುವಂತೆಯೇ ಇಲ್ಲ. ನಿದ್ರೆಯ ಹೊತ್ತು ಸರಿಹೋಗಲು ದಾಟಿದ ಪ್ರತಿ ಒಂದು ಗಂಟೆಯ ಕಾಲವ್ಯತ್ಯಾಸಕ್ಕೆ ಸುಮಾರು ಒಂದು ದಿನ ಹಿಡಿಯುತ್ತದೆ, ಪೂರ್ವಕ್ಕೆ ಹೋದಾಗ ಇನ್ನೂ ತುಸು ಹೆಚ್ಚು. ಆದ್ದರಿಂದ ಮೊದಲೆರಡು ರಾತ್ರಿ ಯಾರ ಮನೆಯ ಊಟಕ್ಕೂ ಒಪ್ಪಿಕೊಳ್ಳಬೇಡಿ. ಹಿಮದಿಂದ ವಿಮಾನ ರದ್ದಾದರೆ, ಐರೋಪ್ಯ ಒಕ್ಕೂಟದ ನಿಯಮದಂತೆ ಅಲ್ಲಿಂದ ಹೊರಡುವ ಪ್ರಯಾಣಿಕರಿಗೆ ಪರಿಹಾರಧನ ಸಾಮಾನ್ಯವಾಗಿ ಸಿಗದಿದ್ದರೂ, ಮುಂದಿನ ವಿಮಾನಕ್ಕಾಗಿ ಕಾಯುವವರಿಗೆ ಊಟ ಮತ್ತು ಅಗತ್ಯವಿದ್ದರೆ ವಸತಿ ಒದಗಿಸುವುದು ವಿಮಾನಯಾನ ಸಂಸ್ಥೆಯ ಹೊಣೆ. ಆದರೂ ಮರಳುವ ವಿಮಾನದ ಹಿಂದಿನ ರಾತ್ರಿಯನ್ನು ವಿಮಾನ ನಿಲ್ದಾಣವಿರುವ ಊರಿನಲ್ಲೇ ಕಳೆಯುವಂತೆ ನೋಡಿಕೊಳ್ಳಿ. ನಸುಕಿನಲ್ಲಿ ಮಂಜುಗಟ್ಟಿದ ರಸ್ತೆಯಲ್ಲಿ ಕಾರು ಓಡಿಸಿ ನಿಮ್ಮನ್ನು ಬಿಟ್ಟುಬರುವ ಕೆಲಸ ಗೆಳೆಯರಿಗೆ ತಪ್ಪುತ್ತದೆ.