ಎಫ್‌ಸಿಯಲ್ಲಿ ಫೇಲಾದ ಹಳೇ ಡೀಸೆಲ್ ಕಾರು: ಮೊದಲು ಏನು, ಆಮೇಲೆ ಏನು?

ನಮ್ಮ ಮನೆಯ ಡೀಸೆಲ್ ಕಾರು 2009ರದ್ದು. 15 ವರ್ಷ ತುಂಬುವ ಹೊತ್ತಿಗೆ ಆರ್‌ಸಿ, ಅಂದರೆ ನೋಂದಣಿ ಪತ್ರದ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ತೆಗೆದುಕೊಂಡು ಹೋದೆ. ಅದಕ್ಕೆ ಮೊದಲು ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವಾಗಿದೆಯಾ ಎಂಬ ತಪಾಸಣೆ, ಪಾಸಾಗಬೇಕು. ಬ್ರೇಕ್ ಇನ್‌ಸ್ಪೆಕ್ಟರು ಒಂದು ಸುತ್ತು ಬಂದರು, ಬಗ್ಗಿ ನೋಡಿದರು, ಹ್ಯಾಂಡ್‌ಬ್ರೇಕ್ ಎಳೆದರು. ಆಕ್ಸಿಲರೇಟರ್ ಒತ್ತಿಸಿದಾಗ ಹಿಂದಿನಿಂದ ಕಪ್ಪು ಹೊಗೆ ಭುಸ್ಸೆಂದು ಬಂತು. ಎಮಿಷನ್ (ಹೊಗೆ ತಪಾಸಣೆ) ಸರ್ಟಿಫಿಕೇಟಿನ ಅವಧಿ ಮುಗಿಯಲು ಇನ್ನೂ ಒಂದು ತಿಂಗಳಿತ್ತು. ಆದರೂ 'ಸರಿ ಮಾಡಿಸಿ, ಹೊಸದಾಗಿ ಟೆಸ್ಟ್ ಮಾಡಿಸ್ಕೊಂಡು ಬನ್ನಿ' ಅಂದರು. ಬೇಜಾರಾಯಿತು. ಆದರೆ ಅವರು ಹೇಳಿದ್ದು ತಪ್ಪೇನಲ್ಲ.

ಮೊದಲು ಹೋದ ಗ್ಯಾರೇಜಿನವರು ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ), ಟರ್ಬೊ (ಎಂಜಿನ್‌ಗೆ ಗಾಳಿ ತುಂಬುವ ಭಾಗ), ಕ್ಲಚ್ ಅಂತ ಪಟ್ಟಿ ಬರೆದರು. ಅದರ ಮೊತ್ತ ಕಾರಿನ ಬೆಲೆಯ ಹತ್ತಿರ ಬಂತು. ಸುಮ್ನೆ ವಾಪಸ್ ಬಂದು ನಮ್ಮ ಬೀದಿ ಕೊನೆಯ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಬಾನೆಟ್ ಎತ್ತಿ, ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಬಿಚ್ಚಿದರು. ಒಳಗೆ ಇಲಿ ಗೂಡು! 'ಇದಕ್ಕೆ ಉಸಿರಾಡೋಕೇ ಆಗ್ತಿಲ್ಲ ಸಾರ್. ಮೊದ್ಲು ಗಾಳಿ ಬಿಡೋಣ, ಡೀಸೆಲ್ ವಿಷಯ ಆಮೇಲೆ' ಅಂದರು. ಈ ಲೇಖನ ಆ ಮಾತಿನ ದಾರಿಯಲ್ಲೇ ಸಾಗುತ್ತದೆ.

ಕಾರಣಗಳನ್ನು ಬರೆದುಕೊಳ್ಳಿ

ಫೇಲಾದ ಸಿಟ್ಟಿನಲ್ಲಿ ಅಲ್ಲಿಂದ ಹೊರಟುಬಿಡಬೇಡಿ. ಯಾವ್ಯಾವುದು ಸರಿಯಿಲ್ಲ ಎಂದು ಕೇಳಿ, ಒಂದೊಂದಾಗಿ ಬರೆದುಕೊಳ್ಳಿ. ಅದರಲ್ಲಿ ಸ್ಪ್ಯಾನರ್ ಮುಟ್ಟದೆ ಮುಗಿಯುವ ಕೆಲಸಗಳಿರುತ್ತವೆ. ಗಾಜಿನ ಕಪ್ಪು ಫಿಲ್ಮ್ ಕೀಳುವುದು, ಮುಂದಿನ ಬುಲ್ ಗಾರ್ಡ್ ಬಿಚ್ಚುವುದು, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸುವುದು, ಕರ್ಕಶ ಹಾರ್ನ್ ತೆಗೆದು ಕಂಪನಿ ಹಾರ್ನ್ ಹಾಕುವುದು. ಚಾಸಿ ನಂಬರ್ ಮೇಲೆ ಮಣ್ಣು, ಗ್ರೀಸ್ ಕೂತಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ಅದರ ಮೇಲೆ ಕಾಗದವಿಟ್ಟು ಉಜ್ಜಿ ತೆಗೆಯುವ ಪೆನ್ಸಿಲ್ ಪ್ರಿಂಟ್ ಸರಿಯಾಗಿ ಬರದಿದ್ದರೂ ತಕರಾರು ಬರುತ್ತದೆ.

ಕೊನೇ ದಿನದವರೆಗೆ ಕಾಯಲೇಬೇಡಿ. ಆರ್‌ಸಿ ಅವಧಿ ಮುಗಿಯುವ 60 ದಿನ ಮೊದಲೇ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ಫೇಲಾದರೆ ರಿಪೇರಿಗೆ ಸಮಯ ಸಿಗುವುದು ಆಗಲೇ. ಅವಧಿ ಮುಗಿದ ಮೇಲೆ ಗ್ಯಾರೇಜಿಗೆ ಓಡಿಸಿಕೊಂಡು ಹೋದರೂ ಅದು ನೋಂದಣಿ ಇಲ್ಲದ ಗಾಡಿಯೇ.

ಟೈರ್, ಲೈಟ್

ಇವು ಬೇಗ ಮುಗಿಯುವ ಕೆಲಸ. ಕಾರಿನ ಟೈರಿನ ಟ್ರೆಡ್, ಅಂದರೆ ಅಚ್ಚಿನ ಆಳ, ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಅಚ್ಚಿನ ಸಾಲಿನ ತಳದಲ್ಲಿ ಸಣ್ಣ ದಿಬ್ಬಗಳಿರುತ್ತವೆ. ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಟೈರ್ ಮುಗಿಯಿತು ಎಂದರ್ಥ. ಅಚ್ಚು ಚೆನ್ನಾಗಿದ್ದರೂ ಪಕ್ಕದ ಗೋಡೆ ಬಿರುಕು ಬಿಟ್ಟಿದೆಯಾ ನೋಡಿ. ಜಾಸ್ತಿ ಓಡದೆ ನಿಂತೇ ಇರುವ ಕಾರುಗಳಲ್ಲಿ ಈ ತೊಂದರೆ ಸಾಮಾನ್ಯ. ಟೈರಿನ ಮೇಲಿನ ನಾಲ್ಕಂಕಿ ತಯಾರಿಕೆಯ ವಾರ ಮತ್ತು ವರ್ಷ. 1419 ಎಂದಿದ್ದರೆ 2019ರ 14ನೇ ವಾರ.

ಹೆಡ್‌ಲೈಟ್ ಮಬ್ಬಾಗಿದ್ದರೆ ಹೊಸದು ಕೊಳ್ಳುವ ಮೊದಲು ಉಜ್ಜಿ ನೋಡಿ. 1000 ನಂಬರಿನ ವಾಟರ್ ಪೇಪರ್, ಆಮೇಲೆ 2000, ಕೊನೆಗೆ ಪಾಲಿಶ್. ನೀರು ಹಾಕುತ್ತಲೇ ಇರಿ. ಮೇಲೆ ಬಿಸಿಲು ತಡೆಯುವ ಲೇಪ ಹಾಕದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಒಳಗಿನ ಬೆಳ್ಳಿ ಬಣ್ಣವೇ ಹೋಗಿದ್ದರೆ ಉಜ್ಜಿ ಪ್ರಯೋಜನವಿಲ್ಲ. ಬೆಂಗಳೂರಿನವರು ಜೆ.ಸಿ. ರಸ್ತೆಯಲ್ಲಿ ಹೊಸ ಲೈಟನ್ನು, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯದನ್ನು ಹುಡುಕಬಹುದು. ಲೈಟ್ ಗುಜರಿಯದ್ದಾದರೆ ಪರವಾಗಿಲ್ಲ. ಬ್ರೇಕ್ ಸಾಮಾನು ಮಾತ್ರ ಯಾವತ್ತೂ ಹೊಸದೇ ಇರಲಿ.

ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲವೇ?

ಕೇಬಲ್ ಬಿಗಿ ಮಾಡಿ ಕಳಿಸುವುದು ಸುಲಭದ ದಾರಿ. ಅದನ್ನು ಒಪ್ಪಬೇಡಿ. ಹಿಂದಿನ ಡ್ರಮ್ ಬಿಚ್ಚಿಸಿ. ಬ್ರೇಕ್ ಶೂ ಸವೆದಂತೆ ತಾನೇ ಸರಿಹೊಂದಿಕೊಳ್ಳುವ ಅಡ್ಜಸ್ಟರ್ ಒಂದಿರುತ್ತದೆ. ಹಳೇ ಕಾರಿನಲ್ಲಿ ಅದು ಧೂಳು, ತುಕ್ಕು ಹಿಡಿದು ಜಾಮ್ ಆಗಿರುತ್ತದೆ. ಮೊದಲು ಅದನ್ನು ಬಿಡಿಸಿ, ಶೂ ಹೊಂದಿಸಿ, ಕೊನೆಗೆ ಕೇಬಲ್. ಡ್ರಮ್ ಒಳಗೆ ಒದ್ದೆ ಕಂಡರೆ ಶೂ ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿದೆ, ಅದನ್ನು ಎರಡೂ ಕಡೆ ಬದಲಿಸಿ. ನಮ್ಮ ಕಾರಿನಲ್ಲಿ ಒಂದು ಕಡೆ ಸೋರುತ್ತಿತ್ತು. ನನಗೆ ಗೊತ್ತೇ ಇರಲಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಬಿಸಿಯಾದಾಗ ಆ ನೀರು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಕಾಫಿ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸಿ. ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆದರೆ ಮುಂದಿನ ಚಕ್ರದಲ್ಲಿ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಜಾಮ್ ಆಗಿರಬಹುದು.

ಕಾರು ಲಿಫ್ಟ್ ಮೇಲಿರುವಾಗಲೇ ಮುಂದಿನ ಚಕ್ರಗಳನ್ನು ಹಿಡಿದಿರುವ ಟೈ ರಾಡ್, ಬಾಲ್ ಜಾಯಿಂಟ್, ಲೋವರ್ ಆರ್ಮ್ ಬುಶ್ ಸಡಿಲವಾಗಿವೆಯಾ ಎಂದು ಅಲ್ಲಾಡಿಸಿ ನೋಡಿ. ಮಂಗಳೂರು, ಉಡುಪಿ ಕಡೆಯ ಕಾರಾದರೆ ತಳದ ತುಕ್ಕನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ಪರೀಕ್ಷಿಸಿ. ಉಪ್ಪುಗಾಳಿ ಬಣ್ಣದ ಕೆಳಗೆ ಕೂತು ಕೆಲಸ ಮಾಡಿರುತ್ತದೆ. ಜಾಕ್ ಕೊಡುವ ಜಾಗವೇ ಪೊಳ್ಳಾಗಿದ್ದರೆ ರಿಪೇರಿಗೆ ದುಡ್ಡು ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ.

ಹೊಗೆ: ಗಾಳಿಯಿಂದ ಶುರು ಮಾಡಿ

ಡೀಸೆಲ್ ಕಾರಿನ ಎಮಿಷನ್ ಟೆಸ್ಟಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಬಿಡುತ್ತಾರೆ. ಹೀಗೆ ಹಲವು ಸಲ. ಸೈಲೆನ್ಸರಿಗೆ ಹಾಕಿದ ಕೊಳವೆಯ ಮೂಲಕ ಯಂತ್ರ ಹೊಗೆಯ ದಟ್ಟಣೆ ಅಳೆಯುತ್ತದೆ. ಬಿಎಸ್ ಅಂದರೆ ಭಾರತ್ ಸ್ಟೇಜ್, ಹೊಸ ಗಾಡಿಗಳ ಹೊಗೆಗೆ ಸರ್ಕಾರ ಹಂತಹಂತವಾಗಿ ತಂದ ಮಾನದಂಡ. ಬಿಎಸ್-3 ಮತ್ತು ಅದಕ್ಕಿಂತ ಹಳೇ ಕಾರಿಗೆ ಮಿತಿ 2.45, ಬಿಎಸ್-4 ಕಾರಿಗೆ 1.62. ಬೆಂಗಳೂರಿನಲ್ಲಿ ಬಿಎಸ್-4 ಬಂದದ್ದು 2010ರ ಏಪ್ರಿಲ್‌ನಲ್ಲಿ. ಹಾಗಾಗಿ ನಮ್ಮದು 2.45ರ ಗುಂಪು. ಮೊದಲ ಸಲ 3 ದಾಟಿತ್ತು.

ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಟರ್ಬೊ ಸೀಲ್, ವಾಲ್ವ್ ಸೀಲ್ ಅಥವಾ ರಿಂಗ್ ಹೋಗಿರಬಹುದು, ಖರ್ಚು ದೊಡ್ಡದು. ಬೆಳಗಿನ ಬಿಳಿ ಹೊಗೆ ಸ್ವಲ್ಪ ಹೊತ್ತಿನಲ್ಲಿ ನಿಂತರೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್ ನೋಡಿಸಿ. ನಿಲ್ಲದೆ, ರೇಡಿಯೇಟರ್ ನೀರೂ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಹೆಚ್ಚಿನ ಕಾರುಗಳು ಫೇಲಾಗುವುದು ಕಪ್ಪು ಹೊಗೆಯಲ್ಲಿ. ಗಾಳಿ ಕಮ್ಮಿ, ಡೀಸೆಲ್ ಜಾಸ್ತಿ, ಅರ್ಧಂಬರ್ಧ ಸುಟ್ಟ ಮಸಿ. ಮನೆಯ ಒಲೆಗೆ ಊದದೆ ಸೌದೆ ತುರುಕಿದ ಹಾಗೆ.

ಮೊದಲು ಏರ್ ಫಿಲ್ಟರ್. ಗಾಳಿ ಊದಿ ಮತ್ತೆ ಹಾಕಬೇಡಿ, ಹೊಸದು ಹಾಕಿ. ನಂತರ ಟರ್ಬೊದಿಂದ ಎಂಜಿನ್‌ಗೆ ಗಾಳಿ ಒಯ್ಯುವ ಇಂಟರ್‌ಕೂಲರ್ ಹೋಸ್ ಪೈಪ್‌ಗಳು. ರಬ್ಬರ್ ಸೀಳಿದ್ದರೆ ಪಿಕಪ್ ಕಮ್ಮಿಯಾಗುತ್ತದೆ, ಒತ್ತಿದಾಗ ಸುಯ್ ಎಂಬ ಸದ್ದು ಬರುತ್ತದೆ, ಸೀಳಿನ ಸುತ್ತ ಎಣ್ಣೆ ಜಿಡ್ಡು ಕಾಣುತ್ತದೆ. ಮೂರನೆಯದು ಇಜಿಆರ್ ವಾಲ್ವ್. ಸುಟ್ಟ ಗಾಳಿಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಬಾಗಿಲು ಅದು. ಮಸಿ ಕಟ್ಟಿ ತೆರೆದೇ ನಿಂತರೆ ಹೊಸ ಗಾಳಿಗೆ ಜಾಗವಿಲ್ಲ. ಬಿಚ್ಚಿ, ಕ್ಲೀನರ್ ಸ್ಪ್ರೇ ಹೊಡೆದು, ಬ್ರಶ್‌ನಲ್ಲಿ ಉಜ್ಜಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಬೇಕು. ನಮ್ಮ ಕಾರಿನದ್ದರಿಂದ ಒಂದು ಹಿಡಿ ಮಸಿ ಬಂತು.

ಇಷ್ಟಾದ ಮೇಲೂ ಹೊಗೆ ಬಂದರೆ ಮಾತ್ರ ಇಂಜೆಕ್ಟರ್ ಬಿಚ್ಚಿಸಿ, ಡೀಸೆಲ್ ಪಂಪ್ ಸರ್ವಿಸ್ ಮಾಡುವವರ ಹತ್ತಿರ ಟೆಸ್ಟ್ ಮಾಡಿಸಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿ ಎಂದರೆ ಪ್ರತಿಯೊಂದರ ಫಲಿತಾಂಶ ಕೇಳಿ. ಕಾಮನ್‌ರೈಲ್ ಎಂಜಿನ್ (ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರ್‌ಗಳಿಗೆ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಎಂಜಿನ್) ಓಡುತ್ತಿರುವಾಗ ಡೀಸೆಲ್ ಪೈಪ್ ಸಡಿಲಿಸಬೇಡಿ, ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಲೂಬೇಡಿ. ಆ ಒತ್ತಡದಲ್ಲಿ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ಸ್ಕ್ರೂ ತಿರುಗಿಸಿ ಡೀಸೆಲ್ ಕಮ್ಮಿ ಮಾಡಿ ಪಾಸ್ ಮಾಡಿಸುವವರಿದ್ದಾರೆ. ಟೆಸ್ಟ್ ಪಾಸಾಗುತ್ತದೆ. ಶಿರಾಡಿ ಘಾಟಿ ಹತ್ತುವಾಗ ಅದರ ಬೆಲೆ ಗೊತ್ತಾಗುತ್ತದೆ.

ಟೆಸ್ಟ್ ದಿನ

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದು, ಬೆಲ್ಟ್ ಬದಲಿಸಿ ಎಷ್ಟು ಕಾಲವಾಯಿತೆಂದು ನೆನಪಿಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಅದು ತುಂಡಾದರೆ ಎಂಜಿನ್ನೇ ಹೋಗಬಹುದು. ಎಂಜಿನ್ ಆಯಿಲ್ ಅಳತೆ ನೋಡಿ, ಹೊಸ ಆಯಿಲ್ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಹೈವೇಯಲ್ಲಿ ಇಪ್ಪತ್ತು ಮೂವತ್ತು ಕಿಲೋಮೀಟರ್, ಒಂದು ಗೇರ್ ಕೆಳಗಿಟ್ಟುಕೊಂಡು ಓಡಿಸಿ. ಊರೊಳಗೆ ನಿಧಾನಕ್ಕೆ ಓಡಿ ಸೈಲೆನ್ಸರಲ್ಲಿ ಕೂತ ಮಸಿ ಉದುರುತ್ತದೆ. ಅಲ್ಲಿಂದ ನೇರ ಎಮಿಷನ್ ಸೆಂಟರಿಗೆ ಹೋಗಿ. ಸಾಲಿನಲ್ಲಿ ನಿಂತು ಎಂಜಿನ್ ತಣ್ಣಗಾದರೆ ಮತ್ತೊಮ್ಮೆ ಬಿಸಿ ಮಾಡಿಯೇ ಟೆಸ್ಟಿಗೆ ಕೊಡಿ.

ನಮ್ಮ ಕಾರು ಎರಡನೇ ಸಲ 1.4 ತೋರಿಸಿತು. ಇಂಜೆಕ್ಟರ್ ಮುಟ್ಟಲೇ ಇಲ್ಲ. ಇನ್‌ಸ್ಪೆಕ್ಟರು ಈ ಸಲವೂ ಹ್ಯಾಂಡ್‌ಬ್ರೇಕ್ ಎಳೆದು ನೋಡಿದರು. ನವೀಕರಣದ ಶುಲ್ಕ ಆಗ 5,000 ರೂಪಾಯಿ ಇತ್ತು, ಅದರ ಮೇಲೆ ಹಸಿರು ತೆರಿಗೆ. ಆರ್‌ಸಿಗೆ ಇನ್ನೈದು ವರ್ಷ ಸಿಕ್ಕಿತು. ಎಮಿಷನ್ ಸರ್ಟಿಫಿಕೇಟ್ ಮಾತ್ರ ಬಿಎಸ್-3 ಕಾರಿಗೆ ಆರು ತಿಂಗಳಿಗೊಮ್ಮೆ. ಪ್ರತಿ ಸಲ ಹೋಗುವ ಮುಂಚೆ ಏರ್ ಫಿಲ್ಟರ್ ಡಬ್ಬಿ ತೆರೆದು ನೋಡುತ್ತೇನೆ. ಇಲಿ ಇನ್ನೂ ನಮ್ಮ ಬೀದಿಯಲ್ಲೇ ಇದೆ.